ಕುದುರೆ ಸಿನೆಮಾದ ಕೊನೆಯ ಗುಂಡು

ತುಕ್ಕಾನಟ್ಟಿಯ ಕೆಂಚವ್ವನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೂ ಗುರುವಾರ ಮಧ್ಯಾಹ್ನ ಟಿವಿಯಲ್ಲಿ ಅಮೆರಿಕದ ಹಳೆಯ ಕುದುರೆ ಸಿನೆಮಾ ಬಂತೆಂದರೆ, ಜೋಳದ ಮೊರ ಬದಿಗಿಟ್ಟು ಕೂತುಬಿಡುವಳು.

"ತಿಳೀತೈತೇನ್ರಿ ಅತ್ತಿ ನಿಮಗ?" ಎಂದು ಸೊಸೆ ದಾಕ್ಷಾಯಿಣಿ ನಗುವಳು.

"ತಿಳೀದ ಏನ್ ಮಾಡ್ತೈತಿ? ದನಾ ಅದಾವ, ಧೂಳ ಐತಿ, ನೀರಿಗೆ ಜಗಳ ಐತಿ. ಎದಿಮ್ಯಾಲ ಚುಕ್ಕಿ ಹಚ್ಚಕೊಂಡಾಂವ ಊರಗೌಡ. ನಮ್ಮೂರ ಕತಿನ ಬಿಡವಾ, ಟೊಪ್ಪಿಗಿ ಅಷ್ಟ ದೊಡ್ಡವು."

ಆ ಮಂದಿ ಮಾತು ಕಡಿಮೆ ಆಡುವುದು ಕೆಂಚವ್ವನಿಗೆ ಬಹಳ ಹಿಡಿಸಿತ್ತು. ದಣಿದು ಬಂದವನು ಮೊದಲು ಕುದುರೆಗೆ ನೀರು ಕುಡಿಸಿ ಆಮೇಲೆ ತಾನು ಕುಡಿದರಂತೂ ಅವಳ ಕಣ್ಣು ಒದ್ದೆ.

ಒಂದೇ ಸಂಕಟ. ಒಳ್ಳೆಯವನೂ ಕೆಟ್ಟವನೂ ಬೀದಿಯಲ್ಲಿ ಎದುರುಬದುರು ನಿಂತು ಸೊಂಟದ ಬಂದೂಕಿಗೆ ಕೈ ಒಯ್ಯುವ ಹೊತ್ತಿಗೆ, ಮೂರು ಗಂಟೆಗೆ ಸರಿಯಾಗಿ, ಕರೆಂಟು ಹೋಗುತ್ತಿತ್ತು. ಅದೇ ಸಿನೆಮಾ ಮೂರು ಗುರುವಾರ ಬಂತು. ಮೂರು ಸಲವೂ ಹೀಗೇ ಆಯಿತು. ಉಳಿದವರು ಯಾರು? ಮೊಬೈಲಿನಲ್ಲಿ ಹುಡುಕೋಣವೆಂದರೆ ಹೆಸರು ಗೊತ್ತಿಲ್ಲ. ಕೆಂಚವ್ವನಿಗೆ ರೊಟ್ಟಿ ಸೇರದಾಯಿತು.

ಓಣಿಯಲ್ಲಿ ಇನ್ವರ್ಟರ್ ಇದ್ದದ್ದು ಪಕ್ಕದ ಮನೆಯ ಅಲ್ಲವ್ವನಲ್ಲಿ ಮಾತ್ರ. ಅವಳ ಎಮ್ಮೆ ಕೆಂಚವ್ವನ ಮೆಂತ್ಯದ ಮಡಿ ಮೇಯ್ದಂದಿನಿಂದ ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ. ಮೊದಲು ಬಾಯಿ ಬಿಟ್ಟವಳು ಸೋತಂತೆ.

ನಾಲ್ಕನೆಯ ಗುರುವಾರವೂ ಅದೇ ಸಿನೆಮಾ ಬಂದಾಗ, ಮೂರಕ್ಕೆ ಹತ್ತು ನಿಮಿಷವಿರುವಾಗಲೇ, ಕೆಂಚವ್ವ ಸೆರಗು ಬಿಗಿದು ಅಲ್ಲವ್ವನ ಅಂಗಳಕ್ಕೆ ನಡೆದಳು. ಅಲ್ಲವ್ವ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. ಒಂದು ಕೋಳಿ ನಡುವೆ ಹಾಯ್ದು ಹೋಯಿತು. ಇಬ್ಬರೂ ಕಣ್ಣು ಮಿಟುಕಿಸಲಿಲ್ಲ.

ಮಾತು ಬಿಟ್ಟವರಿಗೂ ಊರಲ್ಲಿ ಒಂದು ದಾರಿಯುಂಟು. ಕೆಂಚವ್ವ ಗೂಟದ ಎಮ್ಮೆಯತ್ತ ತಿರುಗಿದಳು.

"ಏ ಎಮ್ಮಿ, ನಿಮ್ಮ ಮನ್ಯಾಗ ಟಿವಿ ನಡದೈತೇನ?"

ಅಲ್ಲವ್ವನೂ ಎಮ್ಮೆಗೇ ಹೇಳಿದಳು: "ನಡದೈತಿ ಅಂತ ಹೇಳ. ಕಾಲ ತೊಳಕೊಂಡ ಬರಾಕ ಹೇಳ."

"ನನ್ನ ಕಾಲ ಸ್ವಚ್ಛ ಅದಾವ ಅಂತ ಹೇಳ. ನಾ ಏನ ಮಂದಿ ಮಡಿ ತುಳದ ಬಂದಿಲ್ಲ."

ಎಮ್ಮೆ ಎರಡೂ ಕಡೆಯ ಮಾತು ಕೇಳಿ ಮೆಲುಕು ಹಾಕಿತು.

ಇಬ್ಬರೂ ಒಂದೇ ಜಮಖಾನೆಯ ಎರಡು ತುದಿಗೆ ಕೂತರು. ಮೂರಕ್ಕೆ ಊರ ಕರೆಂಟು ಹೋಯಿತು, ಟಿವಿ ಉಳಿಯಿತು. ಕೈಗಳು ಸೊಂಟಕ್ಕಿಳಿದವು. ಢಂ!

"ಅಲ್ಲವ್ವಾ, ಯಾರ ಬಿದ್ದರ?" ಕೆಂಚವ್ವನ ಬಾಯಿಂದ ಮಾತು ಜಾರಿಯೇ ಬಿಟ್ಟಿತು.

"ನನಗೇನ ಗೊತ್ತ? ನಾ ಕಣ್ಣ ಮುಚ್ಚಿದ್ನಿ. ನೀ ನೋಡಲಿಲ್ಲೇನ?"

"ನಾನೂ ಮುಚ್ಚಿದ್ನೆಲ್ಲ!"

ತೆರೆಯ ಮೇಲೆ ಟೊಪ್ಪಿಗೆಯವನೊಬ್ಬ ಬೆನ್ನು ತಿರುಗಿಸಿ ಕುದುರೆಯೇರಿ ದೂರ ಹೋಗುತ್ತಿದ್ದ.

"ಅಂವಾ ನಮ್ಮಾಂವ. ಬೆನ್ನ ನೋಡಿದ್ರ ತಿಳೀತೈತಿ," ಎಂದಳು ಕೆಂಚವ್ವ.

"ಹುಚ್ಚೀ, ಅಷ್ಟ ಅಗಲ ಬೆನ್ನ ಆ ಕೆಟ್ಟಾಂವಂದ."

"ನಿನ್ನ ಕೂಡ ಮಾತ ಬಿಟ್ಟಿದ್ದ ಚಲೋ ಇತ್ತ ನೋಡ!"

"ಕುಂಡ್ರ. ಚಾ ಕುಡದ ಜಗಳಾ ಮಾಡ."

ಅಲ್ಲವ್ವ ಚಹಾಕ್ಕಿಟ್ಟಳು. ಅದು ಉಕ್ಕಿ ಕಟ್ಟೆಯೆಲ್ಲ ಹರಿದರೂ ಬೆನ್ನಿನ ವಾದ ಮುಗಿಯಲಿಲ್ಲ.