ಟೀಚರಿಗೆ ಹೇಳಿದ ಹಸಿರು

ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಕಂಪ್ಯೂಟರ್ ರಿಪೇರಿ ಕಂಪನಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಆಯ್ತಣ್ಣ’ ಅಂತ. ಯಾರು ಏನು ಕೇಳಿದರೂ ‘ಆಯ್ತು ಬಿಡಿ’ ಎನ್ನುವ ಆಸಾಮಿ. ನಾಳೆಯೇ ಬೇಕು ಅಂದರೆ ಆಯ್ತು, ಮನೆಗೇ ಬಂದು ಮಾಡಿಕೊಡಿ ಅಂದರೂ ಆಯ್ತು. ಆಗದ ಕೆಲಸವನ್ನು ಆಗುವುದಿಲ್ಲ ಎಂದು ಎದುರಿಗೆ ನಿಂತು ಹೇಳಬೇಕಾಗಿ ಬಂದರೆ ಮಾತ್ರ ನಾಲಿಗೆಯೇ ಏಳುತ್ತಿರಲಿಲ್ಲ. ಆಮೇಲೆ ಫೋನಿನಲ್ಲಿ ಹೇಳುತ್ತಿದ್ದ, ಇಲ್ಲವೇ ಫೋನೇ ಎತ್ತುತ್ತಿರಲಿಲ್ಲ. “ನಿಮ್ಮ ಬಾಯಲ್ಲಿ ‘ಆಗಲ್ಲ’ ಅಂತ ಬರೋದು ನನ್ನ ಹತ್ರ ಮಾತ್ರ,” ಎಂದು ಹೆಂಡತಿ ಹಂಗಿಸಿದರೆ ಅವನೂ ನಗುತ್ತಿದ್ದ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇದರಿಂದ ಅಂಥ ಅನಾಹುತವೇನೂ ಆಗಿರಲಿಲ್ಲ. ತಾನು ಒಳ್ಳೆಯವನು, ಯಾರ ಮನಸ್ಸನ್ನೂ ನೋಯಿಸುವವನಲ್ಲ ಎಂದೇ ಅವನು ತಿಳಿದುಕೊಂಡಿದ್ದ. ಅಂಧ ಮಕ್ಕಳ ಶಾಲೆಯ ಕೆಲಸ ಬರುವವರೆಗೆ.

ಆ ಶಾಲೆಯ ಕಂಪ್ಯೂಟರುಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕಿತ್ತು. ಹೊಸದೋ, ಸಿಕ್ಕಸಿಕ್ಕ ಯಂತ್ರದ ಮೇಲೆ ಓಡುವ ಪೈಕಿ ಅಲ್ಲ. ಪ್ರೊಸೆಸರ್ ಇಂಥದ್ದೇ ಇರಬೇಕು, ಮೆಮೊರಿ ಇಷ್ಟಿರಬೇಕು, ಒಳಗೊಂದು ಸೆಕ್ಯೂರಿಟಿ ಚಿಪ್ ಇರಬೇಕು, ನೂರೆಂಟು ತಕರಾರು. ಐವತ್ತೆರಡು ಯಂತ್ರ, ಎರಡು ದಿನ. ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿ ಪರೀಕ್ಷೆಯ ಪ್ರೋಗ್ರಾಂ ಓಡಿಸಬೇಕು. ಆಗುತ್ತದೆ ಎಂದರೆ ಹಸಿರು ಚೀಟಿ, ಆಗುವುದಿಲ್ಲ ಎಂದರೆ ಕೆಂಪು. ಕೆಂಪು ಬಿದ್ದವರು ಶುಕ್ರವಾರದೊಳಗೆ ತಮ್ಮ ಫೈಲುಗಳನ್ನು ಆಫೀಸಿನ ಯಂತ್ರಕ್ಕೆ ಕಾಪಿ ಮಾಡಿಕೊಳ್ಳಬೇಕು; ಶನಿವಾರ ಗುಜರಿ ಲಾರಿ ಬರುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಎಷ್ಟೋ ಯಂತ್ರಗಳಲ್ಲಿ ಆ ಚಿಪ್ ಇರುತ್ತದೆ, ಆದರೆ ಆಫ್ ಆಗಿರುತ್ತದೆ. ಯಂತ್ರವನ್ನು ಮತ್ತೆ ಶುರುಮಾಡಿ, ಸೆಟ್ಟಿಂಗಿನೊಳಗೆ ಹೋಗಿ ಅದನ್ನು ಆನ್ ಮಾಡಿದರೆ ಕೆಂಪಾಗಬೇಕಾದದ್ದು ಹಸಿರಾಗುತ್ತದೆ. ಹತ್ತು ನಿಮಿಷದ ಕೆಲಸ. ಆಯ್ತಣ್ಣನಿಗೆ ಇದು ಗೊತ್ತಿರಲಿಲ್ಲ ಎಂದು ಯಾರೂ ಅವನ ಪರ ವಹಿಸುವ ಹಾಗಿಲ್ಲ. ಮೊದಲನೆಯ ದಿನವೇ ಆರು ಯಂತ್ರಗಳಿಗೆ ಅವನೇ ಹಾಗೆ ಮಾಡಿದ್ದ.

ಎರಡನೆಯ ದಿನ ಸಂಜೆ ಐದೂವರೆಗೆ ಉಳಿದದ್ದು ಒಂದೇ ಒಂದು, ಬ್ರೈಲ್ ಕೋಣೆಯದು. ಅಲ್ಲಿನ ಟೀಚರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಮಕ್ಕಳ ಪಾಠಪುಸ್ತಕಗಳನ್ನು ಅದೇ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಕಾಗದದ ಮೇಲೆ ಚುಕ್ಕಿ ಒತ್ತುವ ಪ್ರಿಂಟರಿನಲ್ಲಿ ತೆಗೆದು, ಬೆರಳಾಡಿಸಿ ಸಾಲುಸಾಲೂ ತಿದ್ದುತ್ತಿದ್ದರು. ಪರದೆಯ ಮೇಲೆ ಬಂದದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ಒಂದು ಅದರಲ್ಲಿ ಒಂದೇ ಸಮನೆ ಮಾತಾಡುತ್ತಿತ್ತು.

“ಬಾ ತಮ್ಮಾ. ಇದರಲ್ಲಿ ನಲವತ್ತಮೂರು ಪುಸ್ತಕ ಇದೆ. ಪರೀಕ್ಷೆಗೆ ಇನ್ನು ಮೂರೇ ವಾರ, ಗಣಿತದ್ದು ಅರ್ಧ ಅಷ್ಟೇ ತೆಗ್ದಿದೀನಿ. ಇದೊಂದು ಪಾಸಾದ್ರೆ ಸಾಕಪ್ಪಾ.”

“ಈ ಮಾತಾಡೋದನ್ನ ಸ್ವಲ್ಪ ಆಫ್ ಮಾಡ್ಲಾ ಟೀಚರ್? ಟೆಸ್ಟಿಗೆ ಅಡ್ಡ ಬರುತ್ತೆ.”

ಅಡ್ಡವೇನೂ ಬರುತ್ತಿರಲಿಲ್ಲ. ಎರಡು ದಿನ ಕೋಣೆಕೋಣೆಯಲ್ಲೂ ಅದೇ ಧ್ವನಿ ಕೇಳಿ ಅವನಿಗೆ ತಲೆ ಚಿಟ್ಟು ಹಿಡಿದಿತ್ತು. ಧ್ವನಿ ನಿಲ್ಲಿಸಿ ಟೆಸ್ಟ್ ಶುರುಮಾಡಿದ.

ಪ್ರೋಗ್ರಾಂ ಎರಡು ನಿಮಿಷ ತಡಕಾಡಿ ಉತ್ತರ ಕೊಟ್ಟಿತು: ಆಗುವುದಿಲ್ಲ, ಸೆಕ್ಯೂರಿಟಿ ಚಿಪ್ ಸಿಗಲಿಲ್ಲ. ಆಯ್ತಣ್ಣ ಗಡಿಯಾರ ನೋಡಿದ. ಇನ್ನು ಹತ್ತು ನಿಮಿಷ ಅಲ್ಲಿ ಕೂರಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ. ಕೆಂಪು ಚೀಟಿ ಕಿತ್ತು ಅಂಟಿಸಿದ.

“ಏನಾಯ್ತಪ್ಪಾ? ಯಾವ ಚೀಟಿ?”

ಅವರ ಮುಖ ಅವನ ಕಡೆಗೇ ತಿರುಗಿತ್ತು. ಕೆಂಪು ಎಂದರೆ ಯಾಕೆ, ಏನು, ಇನ್ನೊಂದು ಸಲ ನೋಡು ಎಂದು ಶುರುವಾಗುತ್ತದೆ. ಪಟ್ಟಿ ಹೇಗೂ ಆಫೀಸಿಗೆ ಹೋಗುತ್ತದೆ, ಹೇಳುವವರು ಹೇಳಿಕೊಳ್ಳಲಿ.

“ಹಸಿರು, ಟೀಚರ್. ಆಯ್ತು ಬಿಡಿ.”

“ನಿನ್ನ ಹೊಟ್ಟೆ ತಣ್ಣಗಿರಲಪ್ಪಾ,” ಎಂದರು ಅವರು. ಅವನು ಬ್ಯಾಗು ಹೆಗಲಿಗೇರಿಸಿ ಹೊರಟ.

ಸೋಮವಾರ ಹೊಸ ಸಿಸ್ಟಮ್ ಹಾಕಲು ಹೋದಾಗ ಬ್ರೈಲ್ ಕೋಣೆಯ ಮೇಜು ಖಾಲಿಯಿತ್ತು. ಟೀಚರ್ ಅದರ ಮುಂದೆಯೇ ಕೂತಿದ್ದರು. ಹೆಜ್ಜೆ ಸದ್ದಿಗೇ ಅವನನ್ನು ಗುರುತು ಹಿಡಿದರು.

“ತಮ್ಮಾ, ನೀನೇ ಅಲ್ವಾ? ಸದ್ಯ ಬಂದ್ಯಲ್ಲ. ಶನಿವಾರ ನಾನಿರಲಿಲ್ಲ, ಲಾರಿಯವರು ನನ್ನ ಕಂಪ್ಯೂಟರನ್ನೂ ಹೊತ್ಕೊಂಡು ಹೋಗಿದಾರೆ. ಆಫೀಸಲ್ಲಿ ಕೇಳಿದ್ರೆ ಅದಕ್ಕೆ ಕೆಂಪು ಚೀಟಿ ಇತ್ತು, ಅಂಟಿಸಿದವರೇ ನಿಮಗೆ ಹೇಳಿರ್ತಾರೆ ಅಂದ್ಕೊಂಡ್ವಿ ಅಂತಾರೆ. ನಾನು ಬಿಡ್ಲಿಲ್ಲ, ಜಗಳಾನೇ ಆಡ್ದೆ. ಆ ತಮ್ಮ ನನ್ನ ಎದುರಿಗೇ ಹಸಿರು ಅಂದಿದಾನೆ, ಅವನು ಸುಳ್ಳು ಹೇಳೋನಲ್ಲ ಅಂತ. ಅದಕ್ಕೆ, ನಿಮಗೇ ಏನೋ ತಪ್ಪಾಗಿರಬೇಕು ಟೀಚರ್, ಅಂದ್ರು. ಕಣ್ಣಿಲ್ಲ ಸರಿ, ಬುದ್ಧೀನೂ ಇಲ್ವಾ ನನಗೆ? ನೀನು ಹಸಿರು ಅಂದೆ ಅಂತ ನಾನು ಒಂದು ಪುಸ್ತಕಾನೂ ಕಾಪಿ ಮಾಡ್ಕೊಂಡಿಲ್ಲ. ನೀನೇ ಬಂದು ಒಂದು ಮಾತು ಹೇಳಪ್ಪಾ.”

ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈಯಮ್ಮ ತನ್ನ ಪರವಾಗಿ ಜಗಳವಾಡಿ, ನಾಲ್ಕು ಜನರ ಮುಂದೆ ಸಣ್ಣವರಾಗಿ ಕೂತಿದ್ದಾರೆ. “ಆಯ್ತು, ನೋಡ್ತೀನಿ,” ಎಂದ. ಹೇಳಿದ ಮೇಲೆ ತನ್ನ ಬಾಯಿಯ ಬಗ್ಗೆ ತನಗೇ ಹೇಸಿಗೆಯಾಯಿತು.

ಗಾಡಿ ಹತ್ತಿ ನೇರ ಗುಜರಿ ಗೋದಾಮಿಗೆ ಓಡಿದ. ಅಲ್ಲಿ ಯಂತ್ರಗಳ ಹೊಟ್ಟೆ ಬಿಚ್ಚಿ ಹಾರ್ಡ್‌ಡಿಸ್ಕುಗಳನ್ನು ಹೊರಗೆಳೆದು, ಒಳಗಿನ ಫೈಲುಗಳು ಯಾರಿಗೂ ಸಿಗದ ಹಾಗೆ ಒಂದೊಂದಕ್ಕೂ ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದರು. ಕೊರೆದದ್ದೇ ಒಂದು ಬುಟ್ಟಿ ತುಂಬ ಬಿದ್ದಿತ್ತು. ರಾಶಿಯನ್ನೆಲ್ಲ ಕೆದಕಿ, ಕೆಂಪು ಚೀಟಿಯ ಮೇಲೆ ತಾನೇ ಬರೆದ ಐವತ್ತೆರಡನೆಯ ನಂಬರನ್ನು ಹುಡುಕಿದ. ಗೋಡೆಯ ಮಗ್ಗುಲಲ್ಲಿ ಸಿಕ್ಕಿತು. ಯಾರೂ ಇನ್ನೂ ಬಿಚ್ಚಿರಲಿಲ್ಲ.

ಅಲ್ಲೇ ವೈರು ಸಿಕ್ಕಿಸಿ ಶುರುಮಾಡಿದ. ಸೆಟ್ಟಿಂಗಿನೊಳಗೆ ಚಿಪ್ ಇತ್ತು, ಆಫ್ ಆಗಿತ್ತು. ಆನ್ ಮಾಡಿ ಪರೀಕ್ಷೆ ಓಡಿಸಿದರೆ, ಆಗುತ್ತದೆ ಎಂದಿತು. ಹತ್ತು ನಿಮಿಷವೂ ಹಿಡಿಯಲಿಲ್ಲ.

“ಏನ್ ಸಾರ್, ಚೆನ್ನಾಗಿರೋದನ್ನೇ ಎಸೀತೀರಲ್ಲ ನೀವು,” ಎಂದ ಡ್ರಿಲ್ಲು ಹಿಡಿದವನು. ಅವನ ಮುಖ ನೋಡುವ ಧೈರ್ಯವೂ ಆಯ್ತಣ್ಣನಿಗೆ ಬರಲಿಲ್ಲ.

ಕಂಪ್ಯೂಟರನ್ನು ತಂದು ಮೇಜಿನ ಮೇಲೆ ಇಟ್ಟಾಗ ಟೀಚರ್ ಎರಡೂ ಕೈಯಿಂದ ಅದನ್ನು ತಡವಿದರು.

“ಸಿಕ್ತಲ್ಲ, ಅಷ್ಟೇ ಸಾಕು. ಲಾರಿಯವರದೇ ತಪ್ಪು ಅಲ್ವಾ? ನಾನು ಹೇಳ್ಲಿಲ್ವಾ ಆಫೀಸಿನವರಿಗೆ?”

ಹೌದು ಎಂದರೆ ಮುಗಿಯಿತು. ಲಾರಿಯವರು ಬಂದು ಜಗಳವಾಡುವುದಿಲ್ಲ, ಆಫೀಸಿನವರ ಮುಂದೆ ಟೀಚರ ಮಾತೂ ಗೆಲ್ಲುತ್ತದೆ, ತನ್ನ ಮಾನವೂ ಉಳಿಯುತ್ತದೆ. ಹೌದು ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು.

“ಅವರದ್ದಲ್ಲ ಟೀಚರ್,” ಎಂದ. “ಕೆಂಪು ಅಂಟಿಸಿದ್ದು ನಾನೇ. ನಿಮಗೆ ಹಸಿರು ಅಂದಿದ್ದೂ ನಾನೇ. ಒಳಗೆ ಒಂದು ಚಿಪ್ ಆಫ್ ಆಗಿತ್ತು, ನೋಡಿದ್ರೆ ಅವತ್ತೇ ಸರಿಹೋಗ್ತಿತ್ತು. ಮನೆಗೆ ಹೋಗೋ ಅವಸರದಲ್ಲಿ ನೋಡ್ಲಿಲ್ಲ.”

ತಡವುತ್ತಿದ್ದ ಕೈ ನಿಂತಿತು. ಪಕ್ಕದ ಕೋಣೆಯಲ್ಲಿ ಮಕ್ಕಳು ಪಾಠ ಒಪ್ಪಿಸುವುದು ಕೇಳುತ್ತಿತ್ತು.

“ಹಸಿರು ಅನ್ನೋವಾಗ ನನ್ನ ಮುಖ ನೋಡ್ಕೊಂಡೇ ಹೇಳಿದ್ಯಾ?”

“ಹೂಂ.”

“ನನಗೆ ಕಣ್ಣು ಇದ್ದಿದ್ರೆ?”

ಉತ್ತರ ಇಬ್ಬರಿಗೂ ಗೊತ್ತಿತ್ತು. ಯಾರ ಮನಸ್ಸನ್ನೂ ನೋಯಿಸದ ಒಳ್ಳೆಯವನು ಎಂದು ಇಷ್ಟು ವರ್ಷ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ ಮನುಷ್ಯ, ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ಕಣ್ಣಿಲ್ಲದವರಿಗೆ ಮೋಸ ಮಾಡಿದ್ದ. ಅದಕ್ಕೆ ಬೇರೆ ಹೆಸರಿಲ್ಲ. ನಾಚಿಕೆಯಿಂದ ಅವನ ಕಿವಿ, ಕೆನ್ನೆ ಎಲ್ಲ ಉರಿಯತೊಡಗಿತು. ಬಗ್ಗಿ ಒಂದೊಂದೇ ವೈರು ಸಿಕ್ಕಿಸಿದ. ಪರದೆ ಬೆಳಗಿತು.

“ಎಲ್ಲಾ ಇದೆ ಟೀಚರ್. ನಲವತ್ತಮೂರೂ ಇದೆ. ಟೆಸ್ಟೂ ಪಾಸಾಗಿದೆ.”

“ಸ್ವಲ್ಪ ಸರ್ಕೊಳ್ಳಿ ಸರ್,” ಎಂದರು ಟೀಚರ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಮಾತಾಡೋದನ್ನ ಆನ್ ಮಾಡ್ಕೋತೀನಿ. ಅದೇ ಹೇಳ್ಲಿ.”

ಯಂತ್ರ ಪುಸ್ತಕಗಳ ಹೆಸರನ್ನು ಒಂದೊಂದಾಗಿ ಓದಿತು. ಅವರು ಬೆರಳು ಮಡಚಿ ಎಣಿಸುತ್ತ ಹೋದರು, ಒಂದನ್ನೂ ಬಿಡಲಿಲ್ಲ. ನಲವತ್ತಮೂರು ಮುಗಿದ ಮೇಲೆ ಅವನಿದ್ದ ಕಡೆಗೆ ಕುರ್ಚಿ ಸರಿಸಿದರು.

“ಆ ಟೆಸ್ಟನ್ನೂ ಇನ್ನೊಂದ್ಸಲ ಓಡಿಸಿ ಸರ್. ಈ ಸಲ ನಾನೇ ಕೇಳಿಸ್ಕೋತೀನಿ.”

ಆಯ್ತಣ್ಣ ‘ಆಯ್ತು ಬಿಡಿ’ ಎನ್ನದೆ ಪೆನ್‌ಡ್ರೈವ್ ಚುಚ್ಚಿದ.