ಬಾಗಿಲ ಮೊಳೆಯ ಮಲ್ಲಿಗೆ

ನಮ್ಮ ಮೇಸ್ತ್ರಿಗೆ ಹುಬ್ಬೇ ಇರಲಿಲ್ಲ. ತಲೆಗೂದಲು, ಮೀಸೆಯ ಜೊತೆ ಅದನ್ನೂ ವಾರಕ್ಕೆರಡು ಸಲ ತಾವೇ ಬೋಳಿಸಿಕೊಳ್ಳುತ್ತಿದ್ದರು. ಚಾಮರಾಜಪೇಟೆಯ ಟೀ ಅಂಗಡಿಯಲ್ಲಿ ಹೊಸಬರು, "ಮನೇಲಿ ಯಾರು ಹೋದ್ರು ಸ್ವಾಮಿ?" ಅಂದರೆ, "ಯಾರೂ ಹೋಗಿಲ್ಲ ಗುರು. ಕೆಲಸದ್ಮೇಲೆ ಒಂದು ಕೂದ್ಲು ಬೀಳ್ಬಾರ್ದು, ಅಷ್ಟೇ" ಎನ್ನುವರು.

ನಮ್ಮ ಶೆಡ್ಡಿನಲ್ಲಿ ಆಗುತ್ತಿದ್ದದ್ದು ರಾಕೆಟ್ಟಿನ ಮೇಲಿನ ಇಂಜಿನ್ನಿನ ಒಂದು ಬಿಲ್ಲೆ. ಅದರ ತುಂಬ ಸೂಜಿಯೂ ತೂರದಷ್ಟು ಸಣ್ಣ ತೂತುಗಳು. ಕೆಳಗಿನ ಇಂಜಿನ್ನುಗಳು ಉರಿದು ಕಳಚಿ ಬಿದ್ದ ಮೇಲೆ, ಆಕಾಶದಲ್ಲಿ ಆ ತೂತುಗಳಿಂದ ಎರಡು ಬಗೆಯ ದ್ರವ ಚಿಮ್ಮಿ, ಸೇರಿ, ಹೊತ್ತಿಕೊಳ್ಳಬೇಕು. ಮೂರನೇ ಕ್ಲಾಸು ಓದಿದ ನನ್ನ ಕೆಲಸ ಬಿಲ್ಲೆ ತೊಳೆದು ಚೀಲಕ್ಕೆ ಹಾಕುವುದು.

"ಮೇಲೆ ಹೋದ್ಮೇಲೆ ಯಾರ ಕೈಯೂ ಎಟುಕಲ್ಲ ಕಣಮ್ಮ. ತೊಳೆಯೋದೇನಿದ್ರೂ ಇಲ್ಲೇ" ಎನ್ನುತ್ತಿದ್ದರು ಮೇಸ್ತ್ರಿ.

ಹೆಂಗಸರು ಮುಡಿದ ಹೂವನ್ನು ಬಾಗಿಲ ಮೊಳೆಗೆ ಸಿಕ್ಕಿಸಿ ಒಳಗೆ ಬರಬೇಕು. ಬಾಡದಿರಲಿ ಅಂತ ಮಧ್ಯಾಹ್ನ ಮೇಸ್ತ್ರಿಯೇ ನೀರು ಚಿಮುಕಿಸುತ್ತಿದ್ದರು.

ಮೊಮ್ಮಗಳು ಹುಟ್ಟಿದ ಬೆಳಗ್ಗೆ ಮಾರ್ಕೆಟ್ಟಿನಿಂದ ಎರಡು ಮೊಳ ಮಲ್ಲಿಗೆ ತಂದು ಮುಡಿದೆ. ಸಂತೋಷದಲ್ಲಿ ನೆಲವೇ ಕಾಣಲಿಲ್ಲ, ಇನ್ನು ಮೊಳೆ ಎಲ್ಲಿ ಕಂಡೀತು! ಸಂಜೆ ತಲೆವಸ್ತ್ರ ಬಿಚ್ಚಿದರೆ ಹೂವು ಅಲ್ಲೇ ಇದೆ. ನಾನು ತೊಳೆದ ಬಿಲ್ಲೆ ಆಗಲೇ ಗಾಡಿ ಹತ್ತಿ ಹೋಗಿತ್ತು. ಅಳುತ್ತಾ ಮೇಸ್ತ್ರಿಗೆ ಹೇಳಿದೆ. ಬೈಯಲಿಲ್ಲ. "ಹೇಳಿದ್ಯಲ್ಲ, ಸಾಕು" ಎಂದು ಫೋನ್ ಮಾಡಿ ವಾಪಸು ತರಿಸಿ, ಒಂದೊಂದು ತೂತಿಗೂ ಬೆಳಕು ಬಿಟ್ಟು ನೋಡಿದರು.

"ಏನೂ ಇಲ್ವಾ ಮೇಸ್ತ್ರಿ?"

"ಕಾಣ್ಲಿಲ್ಲ ಅಂತ ಮಾತ್ರ ಹೇಳ್ಬಲ್ಲೆ ಕಣಮ್ಮ."

ಬಿಲ್ಲೆ ಮತ್ತೆ ಗಾಡಿ ಹತ್ತಿತು. ಆ ಮಾತು ಏಳು ವರ್ಷ ನನ್ನ ಎದೆಯಲ್ಲಿ ಕೂತಿತ್ತು. ನಾನು ಕೆಲಸ ಬಿಟ್ಟ ಮೇಲೆ, ಹೋದ ತಿಂಗಳು ಶೆಡ್ಡಿನ ಹುಡುಗನಿಂದ ಫೋನು: "ಅಜ್ಜಿ, ಅವತ್ತು ವಾಪಸು ತರಿಸಿದ್ರಲ್ಲ, ಆ ನಿಮ್ಮ ಬಿಲ್ಲೆ ಇವತ್ತು ಹೋಗ್ತಿದೆ, ಟಿವಿ ಹಾಕಿ." ಮೊಮ್ಮಗಳ ಕೈ ಹಿಡಿದು ಕೂತೆ. ಕೆಳಗಿನ ಇಂಜಿನ್ನುಗಳೆಲ್ಲ ಕಳಚಿ ಬಿದ್ದವು. ಆಮೇಲೆ ಏನೂ ಇಲ್ಲ. ನಾನೇನು ಮಾಡಲಿ, ಊದಲೇ, ಕಡ್ಡಿ ಗೀರಲೇ? "ಅಜ್ಜೀ, ಕೈ ಬಿಡು, ನೋಯ್ತಿದೆ!" ಎಂದು ಅವಳು ಕಿರುಚಿದಳು. ಅಷ್ಟರಲ್ಲಿ ಹೊತ್ತಿಕೊಂಡಿತು! ಕುಣಿದೇಬಿಟ್ಟೆ, ಮೊಣಕಾಲು ನೆನಪಾಗಲಿಲ್ಲ.

ಪೂಜೆಗಿಟ್ಟಿದ್ದ ಮಲ್ಲಿಗೆ ಮುಡಿದು ಮೇಸ್ತ್ರಿಯ ಮನೆಗೆ ಓಡಿದೆ. ಅವರು ಮಾತು ನಿಂತು ಹಾಸಿಗೆ ಹಿಡಿದು ಐದು ತಿಂಗಳಾಗಿತ್ತು. ಹುಬ್ಬು ಬೆಳೆದಿತ್ತು, ಬೆಳ್ಳಗೆ.

"ಹೊತ್ಕೊಳ್ತು ಮೇಸ್ತ್ರಿ! ನಮ್ದೇ!"

ಗೊತ್ತಾಯಿತೋ ಇಲ್ಲವೋ. ಕಣ್ಣು ನನ್ನ ತಲೆಯ ಮೇಲೆ ನಿಂತಿತು. ಬೆರಳು ಮೆಲ್ಲಗೆ ಎದ್ದು ಬಾಗಿಲು ತೋರಿಸಿತು.

ಹೋಗಿ ಹೂವನ್ನು ಚಿಲಕಕ್ಕೆ ಸಿಕ್ಕಿಸಿ ಬಂದು ಕಾಲ ಬಳಿ ಕೂತೆ.

ಮೂರನೇ ದಿನ ಮೇಸ್ತ್ರಿ ಹೋದರು. ನೋಡಲು ಹೋದಾಗ ಚಿಲಕದಲ್ಲಿ ಹೂವು ಹಾಗೇ ಇತ್ತು, ಬಾಡಿ. ಒಂದಿಷ್ಟು ನೀರು ಚಿಮುಕಿಸಿ ಒಳಗೆ ಹೋದೆ.