ಬಾಯಾರ ಲಟ್ಟಣಿಗೆ

ಬಾಯಾರ ಬಲಗೈ ಪೈಲ್ವಾನನ ಕೈಯಂತಿತ್ತು. ಲಟ್ಟಣಿಗೆ ಎತ್ತಿದರೆ ಬಳೆಗಳು ಜಾರಿ ಮುಂಗೈಯ ದಪ್ಪಕ್ಕೆ ಸಿಕ್ಕಿ ನಿಲ್ಲುತ್ತಿದ್ದವು. ವಿಜಾಪುರದ ಕಡೆಯವರು. ಶಾಲೆಯ ಶಿಕ್ಷಕಿ ಕೆಲಸದಿಂದ ನಿವೃತ್ತರಾಗಿ ಪುಣೆಯ ನಮ್ಮ ಗಲ್ಲಿಯಲ್ಲಿ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದರು. ಕಾಲ್ ಸೆಂಟರುಗಳು ಆಗಷ್ಟೇ ತೆರೆದಿದ್ದವು. ಆ ನೌಕರಿಯ ಆಸೆಗೆ ನಾವು ಹುಡುಗಿಯರು ಹೋಗುತ್ತಿದ್ದೆವು.

ನಮ್ಮ ಇಂಗ್ಲಿಷಿನಲ್ಲಿ ಎಲ್ಲ ಅಕ್ಷರಕ್ಕೂ ಒತ್ತು ಸಮಪಾಲು. ಅದನ್ನು ಅವರು ಸಹಿಸುತ್ತಿರಲಿಲ್ಲ. ಗದ್ದದ ಕೆಳಗೆ ಕೈಯಿಟ್ಟು ಉದ್ದನೆಯ ಶಬ್ದ ಹೇಳಬೇಕು. ಗದ್ದ ಎಷ್ಟು ಸಲ ಕೈಗೆ ತಾಗುತ್ತದೋ ಅಷ್ಟು ತುಂಡು. ಒತ್ತು ಬೀಳುವ ತುಂಡಿಗೆ ಲಟ್ಟಣಿಗೆ ಮೇಜನ್ನು ಗುದ್ದುತ್ತಿತ್ತು.

"ಎ-ಜು-ಕೇ-ಶನ್! ಕೊನಿಗೆ 'ಶನ್' ಬಂತಂದ್ರ ಅದರ ಹಿಂದಿಂದಕ್ಕ ಹೊಡೀರಿ. ಉಳದಾವು ಮೆಲ್ಲಕ."

ತಪ್ಪಿದರೆ ಏಟು ನಮ್ಮ ಗೆಣ್ಣಿಗೆ. ಆ ಲಟ್ಟಣಿಗೆ ಚಪಾತಿ ಕಂಡದ್ದು ಕಡಿಮೆ. ಅವರನ್ನು ಮನಸ್ಸಿನಲ್ಲೇ ಎಷ್ಟೋ ಸಲ ಶಪಿಸಿದ್ದೇನೆ. ಮನೆಯಲ್ಲಿ ಅಣ್ಣನೂ ಹೊಡೆಯುತ್ತಿದ್ದ. ಅಪ್ಪ ಹೋದ ಮೇಲೆ ಯಜಮಾನಿಕೆ ಅಂದರೆ ಅದೇ ಎಂದು ತಿಳಿದಿದ್ದ. ನೌಕರಿ ಸಿಕ್ಕ ದಿನವೇ ಮನೆ ಬಿಟ್ಟು ಹಾಸ್ಟೆಲ್ ಸೇರುವುದೆಂದು ನಾನು ನಿರ್ಧರಿಸಿದ್ದೆ.

ನೌಕರಿಯ ಸಂದರ್ಶನದ ಹಿಂದಿನ ದಿನ ಅಣ್ಣನಿಗೆ ಅದರ ಸುದ್ದಿ ಮುಟ್ಟಿತು. ನಾನು ಕ್ಲಾಸಿನಲ್ಲಿ 'ರೆಸ್ಪಾನ್ಸಿಬಿಲಿಟಿ'ಯನ್ನು ಒಡೆಯುತ್ತಿದ್ದೆ. ಒಳನುಗ್ಗಿ ಜಡೆ ಹಿಡಿದು ಕೆಡವಿದ, ಹೊಟ್ಟೆಗೆ ಒದ್ದ.

"ರಾತ್ರಿ ಪಾಳಿ ಬೇಕೇನ ನಿನಗ?"

ಬಾಯಾರು ಅವನ ಮಣಿಕಟ್ಟಿಗೆ ಲಟ್ಟಣಿಗೆ ಬೀಸಿದರು. ಎಲುಬು ಮುರಿದದ್ದು ನನಗೆ ಕೇಳಿಸಿತು. ಇನ್ನೊಂದು ಕೈಯಿಂದ ಅವನು ಅವರನ್ನು ದಬ್ಬಿದ. ಕಿಟಕಿಯ ಸರಳಿಗೆ ಬಡಿದು ಅವರ ಹಣೆ ಸೀಳಿತು. ಅವರು ಮತ್ತೆ ಬೀಸಿದರು, ಭುಜಕ್ಕೆ, ಬೆನ್ನಿಗೆ. ಅವನು ಕಿರುಚುತ್ತ ಮೆಟ್ಟಿಲಿಳಿದು ಓಡಿದ. ಸುಳ್ಳೇಕೆ, ನನಗೆ ಭಾರೀ ಖುಷಿಯಾಯಿತು.

ಹುಬ್ಬಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಬಾಯಾರು ಸೆರಗು ಒತ್ತಿಕೊಂಡು ಕುರ್ಚಿಯಲ್ಲಿ ಕೂತರು.

"ಶಬ್ದ ಅರ್ಧಕ್ಕ ನಿಂತದ. ಹೇಳು."

"ರಿ-ಸ್ಪಾನ್-ಸಿ-ಬಿಲ್..." ನಾಲ್ಕನೆಯ ತುಂಡಿಗೆ ಬಿದ್ದಲ್ಲಿಂದಲೇ ನೆಲವನ್ನು ಮುಷ್ಟಿಯಿಂದ ಗುದ್ದಿದೆ.

"ಹಾಂ. ನಾಳಿಗೂ ಅಲ್ಲೇ ಗುದ್ದು."

ಪುಣೆಯದೇ ಖರಾಡಿಯ ಕಾಲ್ ಸೆಂಟರಿನಲ್ಲಿ ನೌಕರಿ ಸಿಕ್ಕಿತು. ಪೇಡೆ ಹಿಡಿದು ಹೋದೆ. ಅವರ ಹಣೆಗೆ ಹೊಲಿಗೆ ಬಿದ್ದಿತ್ತು. ಪೇಡೆಗೆ ಜಾಗ ಮಾಡಲು ಅವರು ಲಟ್ಟಣಿಗೆ ಎತ್ತಿದರು, ನಾನು ತಟ್ಟನೆ ಬೆರಳು ಮಡಚಿಕೊಂಡೆ. ಅವರು ನನ್ನ ಕೈಯನ್ನೇ ನೋಡಿದರು.

"ಇನ್ನ ಯಾರ ಏಟೂ ತಿನ್ನಬ್ಯಾಡ ತಂಗಿ. ನಂದೂ ತಿನ್ನಬ್ಯಾಡ."

ಅವರು ತೀರಿಕೊಂಡು ವರ್ಷಗಳಾದವು. ಆಮೇಲೆ ನನ್ನ ಮೇಲೆ ಕೈಯೆತ್ತಿದವರು ಇಲ್ಲವೆಂದಲ್ಲ. ಏಟು ಮಾತ್ರ ನಾನು ತಿಂದಿಲ್ಲ.